ಅಲುಗಾಡಿದ್ದೇ ಸಾಕ್ಷಿ

ಕನ್ನಡಕದಂಗಡಿಯವನ ಕಾರು ನಲವತ್ತೆರಡು ದಿನಗಳಿಂದ ಎರಡು ಹೆಣಗಳ ನಡುವೆ ಸಿಕ್ಕಿಕೊಂಡಿತ್ತು. ಮುಂದಿನದು ವಕೀಲರ ಕಾರು. ಅದು ಓಡುವುದನ್ನು ಬಿಟ್ಟು ಆರು ವರ್ಷವಾಗಿತ್ತು. ಒಳಗೆ ಬೆಕ್ಕು ಮೂರು ಬಾಣಂತನ ಮುಗಿಸಿತ್ತು. ಹಿಂದಿನದು ನಿವೃತ್ತ ಹೆಡ್‌ಮಾಸ್ಟರರದು. ಮನೆಗೆ ಬಣ್ಣ ಹೊಡೆಸಬೇಕೆಂದು, "ಎರಡೇ ದಿನ ಕಣಯ್ಯಾ" ಎಂದು ಅದನ್ನು ತಳ್ಳಿಸಿ ತಂದು ಇವನ ಬೆನ್ನಿಗೆ ಅಂಟಿಸಿದ್ದರು. ಬಣ್ಣ ಒಣಗಿ, ಮಾಸಲು ಶುರುವಾಗಿದ್ದರೂ ಆ ಎರಡು ದಿನ ಮುಗಿದಿರಲಿಲ್ಲ.

ಪೊಲೀಸರಿಗೆ ಹೇಳಿದರೆ, "ಅದು ಖಾಸಗಿ ರಸ್ತೆ, ನೀವು ನೀವೇ ಬಗೆಹರಿಸಿಕೊಳ್ಳಿ" ಎಂದು ಕೈ ತೊಳೆದುಕೊಂಡರು.

ಆದರೆ ಇವತ್ತು ಬಗೆಹರಿಯಲೇಬೇಕಿತ್ತು. ಮೊಣಕಾಲು ಆಪರೇಷನ್ ಮಾಡಿಸಿಕೊಂಡ ಅಮ್ಮನನ್ನು ನಾಲ್ಕು ಗಂಟೆಗೆ ಆಸ್ಪತ್ರೆಯಿಂದ ಕಳಿಸುವವರಿದ್ದರು. "ಬಂದ್ರೆ ಮಗನ ಕಾರಲ್ಲೇ ಬರ್ತೀನಿ" ಎಂದು ಆಕೆ ನರ್ಸುಗಳಿಗೆಲ್ಲ ಸಾರಿ ಆಗಿತ್ತು.

ಬೆಳಿಗ್ಗೆ ಎಂಟಕ್ಕೆ ರಸ್ತೆಯವರ ಸಭೆ ಸೇರಿತು. ಅಂಗಡಿಯಾತ ತಾನೇ ಬರೆದು ತಂದ ನಿಯಮವನ್ನು ಓದಿದ: "ಮೂವತ್ತು ದಿನ ಅಲುಗಾಡದ ಕಾರನ್ನು ಇಂದೇ ಎತ್ತಿಸತಕ್ಕದ್ದು. ಯಾರ ಸಬೂಬನ್ನೂ ಕೇಳತಕ್ಕದ್ದಲ್ಲ."

"ಸಬೂಬು ಅನ್ನೋದು ಚೆನ್ನಾಗಿಲ್ಲ, ಕಾರಣ ಅಂತ ತಿದ್ದು," ಎಂದರು ಸಂಘದ ಕಾರ್ಯದರ್ಶಿಯೂ ಆಗಿದ್ದ ಹೆಡ್‌ಮಾಸ್ಟರರು.

ತಿದ್ದಿದ. ಪ್ರತಿಯೊಬ್ಬರೂ ಪಕ್ಕದವರ ಕಾರನ್ನೇ ನೋಡುತ್ತ ಉತ್ಸಾಹದಿಂದ ಕೈ ಎತ್ತಿದರು. ಎರಡು ಗಂಟೆಗೆ ಕಾರೆತ್ತುವ ಲಾರಿ ಬರುವುದೆಂದಾಯಿತು.

ತಮಗೂ ಒಂದು ಕಾರಿದೆ ಎಂಬುದು ಎಲ್ಲರಿಗೂ ನೆನಪಾಗಿದ್ದು ತಿಂಡಿ ತಿಂದ ಮೇಲೆ. ದಾರಿ ತೋರಿಸಿದವರು ವಕೀಲರು. "ನಿಯಮದಲ್ಲಿ 'ಅಲುಗಾಡದ' ಅಂತಿದೆ. 'ಓಡದ' ಅಂತ ಎಲ್ಲಿದೆ? ತಳ್ಳಿ!"

ತಳ್ಳಾಟ ಶುರುವಾಯಿತು. ಮುಂದೆ ದಾರಿ ಬಿಡುತ್ತದಲ್ಲ ಎಂಬ ಆಸೆಯಲ್ಲಿ ಅಂಗಡಿಯಾತನೇ ಎಲ್ಲರಿಗಿಂತ ಮುಂದೆ ನಿಂತ. ವಕೀಲರ ಕಾರಿಗೆ ಹೆಗಲು ಕೊಟ್ಟ, ಅಂಗಿ ಹರಿಯಿತು. ಹೆಡ್‌ಮಾಸ್ಟರರದಕ್ಕೆ ಸೊಂಟ ಕೊಟ್ಟ, ಅದು ಲಟಕ್ಕೆಂದಿತು. "ಭೇಷ್! ಇನ್ನೊಂದು ಸ್ವಲ್ಪ!" ಎಂದು ಹೆಡ್‌ಮಾಸ್ಟರರು ಕೊಡೆ ಹಿಡಿದು ಹುರಿದುಂಬಿಸಿದರು, ಕೊಡೆ ತಮ್ಮ ತಲೆಯ ಮೇಲೆಯೇ ಇತ್ತು. ಅಲುಗಾಡಿದ ಪ್ರತಿ ಕಾರನ್ನೂ ರಸ್ತೆಯ ಕಾವಲುಗಾರ ಪುಸ್ತಕದಲ್ಲಿ ಬರೆದುಕೊಂಡ. ಒಂದೂವರೆಯ ಹೊತ್ತಿಗೆ ಏಳು ಕಾರುಗಳು ಸೊಟ್ಟಂಬಟ್ಟ ನಿಂತು, ಕಾನೂನಿನ ಕಣ್ಣಿಗೆ ಜೀವಂತವಾಗಿದ್ದವು.

ಮುಂದೆ ದಾರಿ ಬಿಟ್ಟಿದ್ದನ್ನು ಕಂಡು ಅಂಗಡಿಯಾತ ಗೆಲುವಿನ ನಗೆ ಬೀರುತ್ತ ತನ್ನ ಕಾರಿನಲ್ಲಿ ಕೂತು ಕೀಲಿ ತಿರುಗಿಸಿದ. ಟಿಕ್ ಎಂದಿತು. ಮತ್ತೆ ತಿರುಗಿಸಿದ. ಟಿಕ್ ಕೂಡ ಎನ್ನಲಿಲ್ಲ. ನಲವತ್ತೆರಡು ದಿನದ ಸಹವಾಸದೋಷ! ಇಳಿದು ತಳ್ಳಿದ. ತುಕ್ಕು ಹಿಡಿದ ಬ್ರೇಕು ಚಕ್ರವನ್ನು ಉಡದಂತೆ ಕಚ್ಚಿಕೊಂಡಿತ್ತು.

"ವಕೀಲರೇ, ಒಂದು ಕೈ ಹಾಕ್ತೀರಾ?"

"ಊಟ ಆದ್ಮೇಲೆ ಭಾರ ಎತ್ತಬಾರದು ಅಂದಿದ್ದಾರಪ್ಪಾ ಡಾಕ್ಟ್ರು," ಎಂದು ವಕೀಲರು ಕಿಟಕಿ ಮುಚ್ಚಿಕೊಂಡರು.

ಲಾರಿ ಸರಿಯಾಗಿ ಎರಡಕ್ಕೇ ಬಂತು. ಕಾವಲುಗಾರ ಪುಸ್ತಕ ತಿರುವಿ ಹಾಕಿದ. "ಅಲುಗಾಡದೇ ಇರೋದು ಒಂದೇ ಸಾರ್. ಈ ಕನ್ನಡಕದವರದು."

"ಅಯ್ಯೋ, ಇಷ್ಟು ದಿನ ಹಿಂದೆ ಮುಂದೆ ನೀವೇ ಅಡ್ಡ ನಿಲ್ಲಿಸಿದ್ರೆ ಅದು ಹೇಗೆ ಸಾರ್ ಅಲುಗಾಡುತ್ತೆ?"

"ಅದು ಕಾರಣ ಆಯ್ತು," ಎಂದರು ಹೆಡ್‌ಮಾಸ್ಟರರು ಬೇಸರದಿಂದ. "ಕಾರಣ ಕೇಳೋ ಹಾಗಿಲ್ಲ ಅಂತ ನೀನೇ ಬರೆದಿದ್ದೀಯಲ್ಲಯ್ಯಾ."

ಕಾರು ಗಾಳಿಯಲ್ಲಿ ತೂಗಾಡುತ್ತ ಹೋಯಿತು. ನಲವತ್ತೆರಡು ದಿನಗಳಲ್ಲಿ ಅದು ಅಲುಗಾಡಿದ್ದು ಅದೇ ಮೊದಲು.

ಸಂಜೆ ಟ್ಯಾಕ್ಸಿಯವನು ಸೊಟ್ಟ ಕಾರುಗಳ ಸಾಲು ನೋಡಿ, ಒಳಗೆ ಬರಲಾರೆ ಎಂದು ತಿರುವಿನಲ್ಲೇ ಇಳಿಸಿಬಿಟ್ಟ. ಕೋಲೂರಿಕೊಂಡು ಅಮ್ಮ, ಸೊಂಟ ಹಿಡಿದುಕೊಂಡು ಮಗ, ಒಬ್ಬರಿಗೊಬ್ಬರು ಆಸರೆಯಾಗಿ ಕುಂಟುತ್ತ ಬಂದರು. ಅಕ್ಕಪಕ್ಕದವರೆಲ್ಲ ಗೇಟಿಗೆ ಬಂದು ಚಪ್ಪಾಳೆ ತಟ್ಟಿದರು.

"ಬನ್ನಿ ತಾಯಿ," ಎಂದರು ಹೆಡ್‌ಮಾಸ್ಟರರು. "ನಿಮ್ಮ ಮಗ ಇವತ್ತು ದೊಡ್ಡ ಉಪಕಾರ ಮಾಡಿದ. ಸುಮ್ಮನೆ ಬಿದ್ದಿದ್ದ ಒಂದು ಕಾರನ್ನ ರಸ್ತೆಯಿಂದ ಎತ್ತಿಸಿಯೇಬಿಟ್ಟ!"

ಅಮ್ಮನ ಮುಖ ಅರಳಿತು. "ಒಳ್ಳೇದಾಯ್ತು ಬಿಡಪ್ಪಾ. ಇನ್ನಾದ್ರೂ ನಿನ್ನ ಕಾರು ನಿಲ್ಸೋಕೆ ಜಾಗ ಆಯ್ತಲ್ಲ."

ಮಗ ಆ ಜಾಗದತ್ತ ನೋಡಿದ. ವಕೀಲರು ಅಲ್ಲಿ ತಮ್ಮ ಮಾವನ ಮನೆಯಿಂದ ತಳ್ಳಿಸಿ ತಂದ ಕಾರಿಗೆ, ಹಸುಗೂಸಿಗೆ ಹೊದಿಸುವಷ್ಟು ಅಕ್ಕರೆಯಿಂದ ಹೊದಿಕೆ ಹೊದಿಸುತ್ತಿದ್ದರು.