ಕೀಲಿ ಹುಡುಕುವ ಬಿಲ್ಲೆ ಮತ್ತು ನನ್ನ ಒಂದೇ ಒಂದು ರಜೆ

ಕಳೆದುಕೊಳ್ಳುವವರ ಜೊತೆ ಬಾಳುವೆ ಮಾಡುವವರಿಗೆ ಇಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ಸಿಟ್ಟು ಮಾತ್ರ ದಿನಾ ಬರುತ್ತದೆ. ನಾನು ಹೊಸಪೇಟೆಯಿಂದ ಕಮಲಾಪುರದ ಶಾಲೆಗೆ ಸ್ಕೂಟಿಯಲ್ಲಿ ಹೋಗುವ ಟೀಚರು. ಆ ಸ್ಕೂಟಿಯನ್ನು ಸಂಜೆ ಪೇಟೆಗೆ ಒಯ್ದು, ಕೀಲಿಯನ್ನು ಎಲ್ಲೋ ಇಟ್ಟು ಮರೆಯುವವರು ನಮ್ಮ ಮನೆಯವರು. ಮೂರು ಸಲ ತಡವಾದರೆ ಒಂದು ರಜೆ ಕಟ್ ಎಂದು ನಮ್ಮ ಹೆಡ್‌ಮಾಸ್ತರರ ಕಟ್ಟಪ್ಪಣೆ. ನನಗೆ ಉಳಿದದ್ದೇ ಒಂದು ರಜೆ. ಸಂಡೂರಿನಲ್ಲಿ ತಂಗಿಯ ಮದುವೆಗೆಂದು ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೆ.

ಅದಕ್ಕೇ ಬ್ಲೂಟೂತಿನ ಒಂದು ಬಿಲ್ಲೆ ತಂದು ಅವರ ಮೊಬೈಲಿಗೆ ಜೋಡಿಸಿಕೊಟ್ಟೆ. ಕೀಲಿಗೆ ಕಟ್ಟಿದರೆ ಸಾಕು. ಹತ್ತಿರವಿದ್ದರೆ ಮೊಬೈಲಿನಲ್ಲಿ ಒತ್ತಿದಾಗ ಕುಂಯ್‌ಗುಡುತ್ತದೆ, ದೂರವಿದ್ದರೆ ಜಾಗ ತೋರಿಸುತ್ತದೆ.

ಬೀರುವಿನೊಳಗೆ

ಮೂರನೇ ದಿನವೇ ಕೀಲಿ ಇಲ್ಲ. ಒತ್ತಿದೆವು. ಸದ್ದು ಬೀರುವಿನೊಳಗಿಂದ ಬಂತು. ತೆಗೆದು ನೋಡಿದರೆ ಬಿಲ್ಲೆಯೊಂದೇ, ಕುಂಕುಮ ಹಚ್ಚಿಸಿಕೊಂಡು ಡಬ್ಬಿಯಲ್ಲಿ ಕೂತಿದೆ.

"ಕೀಲಿಗೆ ಯಾಕ ಕಟ್ಟಿಲ್ರಿ?"

"ಹೊಸಾದು. ಕೀಲಿ ಜೋಡಿ ಅದೂ ಕಳದ್ರ?"

ಒಂದನೇ ತಡ.

ಕಂಪ್ಲಿಯ ಅಕ್ಕಿ

ನಾನೇ ಕೂತು ಬಿಲ್ಲೆಯನ್ನು ಕೀಲಿಗೆ ಕಟ್ಟಿದೆ. ಮರುವಾರ ಕೀಲಿ ಮತ್ತೆ ಮಾಯ. "ಮೊಬೈಲ್ ತೊಗೊಂಡು ಒತ್ರಿ" ಎಂದೆ. ಮೊಬೈಲು ಕಂಪ್ಲಿಯಲ್ಲಿತ್ತು. ಹಿಂದಿನ ದಿನ ಅಕ್ಕಿ ತರಲು ಬಸ್ಸಿನಲ್ಲಿ ಹೋದವರು ಮಿಲ್ಲಿನಲ್ಲೇ ಬಿಟ್ಟು ಬಂದಿದ್ದರು. ಅಕ್ಕಿಯನ್ನಾದರೂ ತಂದಿದ್ದರಾ? ಅದೂ ಇಲ್ಲ. ನನ್ನ ಸಿಟ್ಟು ನೆತ್ತಿಗೇರಿತು.

"ಸಿಟ್ಟಾಗಬ್ಯಾಡ. ಕೀಲಿ ಮನ್ಯಾಗಾ ಐತಿ, ಮೊಬೈಲ್ ಮಿಲ್ನಾಗ ಐತಿ. ಏನೂ ಕಳದಿಲ್ಲ" ಎಂದರು.

ನಾನು ಬಸ್ಸು ಹಿಡಿದು ಮುಟ್ಟುವಷ್ಟರಲ್ಲಿ ಮೊದಲ ಪಿರಿಯಡ್ ಕಳೆದಿತ್ತು. ಎರಡನೇ ತಡ.

ಎಡಗಾಲು

ಭಾನುವಾರ ಹಂಪಿಯ ಗುಡಿಗೆ ಹೋದೆವು. ನನಗೆ ಹೇಳದೆ ಬಿಲ್ಲೆಯನ್ನು ಕೀಲಿಯಿಂದ ಬಿಚ್ಚಿ ತಮ್ಮ ಹೊಸ ಚಪ್ಪಲಿಗೆ ಅಂಟಿಸಿದ್ದರು. ಹೊರಗೆ ಬಂದು ಹೆಮ್ಮೆಯಿಂದ ಒತ್ತಿದರು. ಎಡಗಾಲಿನದು ಕೂಗಿತು. ಬಲಗಾಲಿನದನ್ನು ಕೋತಿಯೊಂದು ಒಯ್ದು, ಗೋಡೆಯ ಮೇಲೆ ಕೂತು ಕಡಿಯುತ್ತಿತ್ತು.

"ಎರಡಕ್ಕೂ ಹಚ್ಚಬೇಕಿತ್ತೇನು? ಅವು ಜೋಡಿ ಅಲ್ಲೇನು?" ಎಂದರು.

ನನಗೆ ಕೋತಿಯ ಮೇಲೆ ಸಿಟ್ಟು ಬರಲಿಲ್ಲ.

ಮೂರನೇ ತಡ

ಬಿಲ್ಲೆಯನ್ನು ಮತ್ತೆ ಕೀಲಿಗೆ ಬಿಗಿದೆ. ಮದುವೆಗೆ ಇನ್ನೊಂದೇ ವಾರ. ಬೆಳಿಗ್ಗೆ ಕೀಲಿ ಇಲ್ಲ, ಅವರ ಮೊಬೈಲಿನಲ್ಲಿ ಚಾರ್ಜೂ ಇಲ್ಲ. ಬಾಯಿಗೆ ಬಂದಂತೆ ಬೈದು ಆಟೋ ಹಿಡಿದು ಹೋದರೆ, ಹೆಡ್‌ಮಾಸ್ತರರು ಹಾಜರಿ ಪುಸ್ತಕದ ಮುಂದೆ ಕೆಂಪು ಪೆನ್ನು ಹಿಡಿದೇ ಕೂತಿದ್ದರು.

"ಸರ್, ಇದೊಂದ್ಸಲ ಬಿಟ್ಟುಬಿಡ್ರಿ. ತಂಗಿ ಮದುವಿ ಐತ್ರಿ. ತಪ್ಪು ನಂದಲ್ರಿ, ಸ್ಕೂಟಿ ಕೀಲಿ ನಮ್ಮ ಮನಿಯವ್ರು ಎಲ್ಲಿಟ್ಟಾರೋ ದೇವ್ರಿಗೇ ಗೊತ್ತು" ಎಂದೆ.

ಅವರ ಮುಖ ಮೆತ್ತಗಾಯಿತು. ಪೆನ್ನಿನ ಮುಚ್ಚಳಕ್ಕೆ ಕೈ ಹಾಕಿದರು. ಅಷ್ಟರಲ್ಲಿ ನನ್ನ ವ್ಯಾನಿಟಿ ಬ್ಯಾಗು ಕುಂಯ್‌ಗುಟ್ಟಿತು. ತೆರೆದರೆ ಒಳಗೆ ಕೀಲಿ.

"ಮೇಡಂ, ಕೀಲಿ ಬಗಲಾಗ ಇಟ್ಕೊಂಡು ಯಜಮಾನ್ರ ಮ್ಯಾಲ ಹಾಕ್ತೀರಲ್ರಿ" ಎಂದು ಕೆಂಪು ಗೆರೆ ಎಳೆದರು. ರಜೆ ಹೋಯಿತು.

ಬಾಗಿಲಲ್ಲಿ ನಮ್ಮ ಮನೆಯವರು ಮೊಬೈಲು ಹಿಡಿದು ನಿಂತಿದ್ದರು. ಚಾರ್ಜ್ ಮಾಡಿ ನೋಡಿದರೆ ಬಿಲ್ಲೆ ಶಾಲೆಯನ್ನು ತೋರಿಸಿತಂತೆ. ಪಕ್ಕದ ಮನೆಯವರ ಬೈಕಿನಲ್ಲಿ ಓಡಿಬಂದು ಒತ್ತಿದರಂತೆ.

"ನೀ ಏನೂ ಕಳಕೊಳ್ಳಂಗಿಲ್ಲ ಅಂತ ನಿನ್ನೆ ನಾನಾ ನಿನ್ನ ಬ್ಯಾಗಿನಾಗ ಇಟ್ಟಿದ್ನಿ. ಈಗ ನೆನಪಾತು" ಎಂದರು.

ಆಗ ನಾನು ಬಾಯಿ ತೆರೆದಿದ್ದರೆ ಶಾಲೆಯ ಮಕ್ಕಳು ಕೇಳಬಾರದ್ದನ್ನು ಕೇಳುತ್ತಿದ್ದರು. ರಜೆ ಕಟ್ಟಾಯಿತೆಂದು ತಿಳಿದು ಅವರಿಗೂ ನಿಜಕ್ಕೂ ಬೇಸರವಾಯಿತು. ಹತ್ತಿರ ಬಂದು ಮೆಲ್ಲಗೆ ಸಮಾಧಾನ ಹೇಳಿದರು:

"ಚಿಂತಿ ಮಾಡಬ್ಯಾಡ. ನಿನ್ನ ತಂಗಿ ಮದುವಿಗೆ ನಾ ಹೋಗಿ ಬರ್ತೀನಿ."