ಮರಳೂರಿನ ಅಧಿಕೃತ ವಿರೋಧಿ

ಕಳೆದ ಚುನಾವಣೆಯ ನಂತರ ಮರಳೂರಿನ ಅಶ್ವತ್ಥವನ ಬಡಾವಣೆಯಲ್ಲಿ ವಿರೋಧ ಪಕ್ಷದವರ ತೀವ್ರ ಅಭಾವ ತಲೆದೋರಿತು. ಗೆದ್ದವರ ಕಡೆಯ ಶಾಲು ಹೊದ್ದವರ ಬೀದಿಗೆ ಡಾಂಬರು ಬಿತ್ತು. ಡಾಂಬರು ಕಂಡ ಪಕ್ಕದ ಬೀದಿಯವರೂ ಶಾಲು ಹೊದ್ದರು. ಇದರಲ್ಲಿ ಯಾರ ಒತ್ತಡವೂ ಇರಲಿಲ್ಲ. ಕೊನೆಗೆ ಇಡೀ ಬಡಾವಣೆಯಲ್ಲಿ ಸೋತವರ ಕಡೆ ಉಳಿದವರು ನಿವೃತ್ತ ಡ್ರಿಲ್ ಮೇಷ್ಟ್ರು ಷಡಕ್ಷರಿ ಒಬ್ಬರೇ.

ಇದರ ಪೂರ್ತಿ ಪ್ರಯೋಜನ ಸಿಕ್ಕಿದ್ದು ನಿವೃತ್ತ ಲೆಕ್ಕದ ಮೇಷ್ಟ್ರು ರಾಮಾಂಜಿನಯ್ಯನವರಿಗೆ. ಇಬ್ಬರೂ ಗುಬ್ಬಿಯ ಹೈಸ್ಕೂಲಿನಲ್ಲಿ ಜೊತೆಗೆ ಕೆಲಸ ಮಾಡಿದವರು. ದಿನಾ ತುಮಕೂರಿನಿಂದ ಗುಬ್ಬಿ ಬಸ್ಸು ಹತ್ತಿ, ರಾಜಕೀಯದ ಜಗಳ ಆಡಿಕೊಂಡೇ ಸರ್ವಿಸು ಮುಗಿಸಿದವರು. ಕುಣಿಗಲ್ ಕಡೆಯ ರಾಮಾಂಜಿನಯ್ಯ ಈಗ ಆಳುವವರ ಕಡೆ, ಚೇಳೂರಿನ ಷಡಕ್ಷರಿ ಆ ಕಡೆ. ನಿವೃತ್ತರಾದ ಮೇಲೆ ಜಗಳವನ್ನು ಬಡಾವಣೆಯ ಪಾರ್ಕಿಗೆ ವರ್ಗ ಮಾಡಿಕೊಂಡಿದ್ದರು. ವಾಕಿಂಗಿನ ಹೆಸರಲ್ಲಿ ಬಂದು, ಕಲ್ಲುಬೆಂಚಿನ ಮೇಲೆ ಕೂತು, "ನಿಮ್ಮೋರು ಎಲ್ಲಾ ಗುಡಿಸಿ ಗುಂಡಾಂತರ ಮಾಡಿದ್ರು ಕಣಯ್ಯ" ಎಂದು ಒಬ್ಬರು ಶುರು ಮಾಡಿದರೆ, ತಿಂಡಿ ಹೊತ್ತಿಗೆ ಇಬ್ಬರ ಗಂಟಲೂ ಕಟ್ಟಿರುತ್ತಿತ್ತು. ಆ ಗಂಟಲಲ್ಲಿ ಇಳಿದರೇ ರಾಮಾಂಜಿನಯ್ಯನವರಿಗೆ ಇಡ್ಲಿ ರುಚಿ.

ಒಂದು ಬೆಳಿಗ್ಗೆ ಷಡಕ್ಷರಿ ಶಾಲು ಹೊದ್ದುಕೊಂಡು ಬಂದರು.

"ಏನಯ್ಯಾ ಇದು?"

"ಸುಸ್ತಾಯ್ತು ಕಣಯ್ಯ. ಮನೆ ಮುಂದೆ ಬೀದಿ ದೀಪ ಇಲ್ಲ. ನಮ್ಮನೆಯವಳು ಮತ್ತೆ ಚರಂಡಿಗೆ ಕಾಲು ಹಾಕಿ ಬಿದ್ಲು. ನೀನು ಹೇಳ್ತಿದ್ದದ್ದೇ ಸರಿ."

"ಯಾವುದು ಸರಿ?"

"ಎಲ್ಲಾ."

ಈ ಒಂದು ಮಾತು ಕೇಳಲು ರಾಮಾಂಜಿನಯ್ಯ ಅರ್ಧ ಆಯಸ್ಸು ಕಾದಿದ್ದರು. ಕೇಳಿದಾಗ ಯಾರೋ ತೀರಿಕೊಂಡ ಸುದ್ದಿ ಬಂದಂತಾಯಿತು. ಅವತ್ತು ಇಬ್ಬರೂ ಕೂತು ಒಬ್ಬರ ಮಾತನ್ನೊಬ್ಬರು ಒಪ್ಪಿದರು. ಮಾತು ಬೇಗ ಮುಗಿದುಹೋಯಿತು. "ಬಿಸಿಲು ಜಾಸ್ತಿ" ಎಂದರು ರಾಮಾಂಜಿನಯ್ಯ, ಜಗಳಕ್ಕೆ ಎಳೆಯುವ ಕೊನೆಯ ಆಸೆಯಿಂದ. ಷಡಕ್ಷರಿ ಅದನ್ನೂ ಒಪ್ಪಿದರು.

ಇದು ಇಬ್ಬರ ಖಾಸಗಿ ದುಃಖವಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ "ಸೌಹಾರ್ದ ಸಂವಾದ" ಎಂಬ ಯೋಜನೆಯಡಿ ಮೇಲಿನಿಂದ ಅನುದಾನ ಬರುತ್ತಿತ್ತು. ಎರಡು ಕಡೆಯವರೂ ದಿನಾ ವಾದ ಮಾಡುವ ಬಡಾವಣೆಗೆ ಮಾತ್ರ ಅದು ಲಭ್ಯ. ಶಾಮಿಯಾನ, ಮೈಕು, ಬೋಂಡಾ ಇವುಗಳ ಸರಬರಾಜು ಅಧ್ಯಕ್ಷ ಮಹಾದೇವಯ್ಯನವರ ಭಾಮೈದ ಕಾಂತೇಶನದು. ಅವನಿಗಿಂತ ಯೋಗ್ಯರು ಸಿಗಲಿಲ್ಲವೆಂದು ಸಂಘ ಹುಡುಕದೆಯೇ ತೀರ್ಮಾನಿಸಿತ್ತು. ತುರ್ತು ಸಭೆ ಸೇರಿತು. ಪಾರ್ಕಿನ ಗೇಟಿಗೆ ಪ್ರಕಟಣೆ ಅಂಟಿತು:

"ಬಡಾವಣೆಯ ನಿವಾಸಿಗಳ ಗಮನಕ್ಕೆ. ಭಿನ್ನಾಭಿಪ್ರಾಯ ಉಳ್ಳವರು ಲಭ್ಯವಿಲ್ಲದ ಪ್ರಯುಕ್ತ, ಹಿರಿತನದ ಮೇರೆಗೆ ಶ್ರೀ ರಾಮಾಂಜಿನಯ್ಯನವರನ್ನು ವಿರೋಧಿಯನ್ನಾಗಿ ನಿಯೋಜಿಸಲಾಗಿದೆ. ಸದರಿಯವರು ವಾಕಿಂಗ್ ಅವಧಿಯಲ್ಲಿ ಕಡ್ಡಾಯವಾಗಿ ವಿರೋಧಿಸತಕ್ಕದ್ದು. ಭಾನುವಾರ ಮತ್ತು ಸಾರ್ವತ್ರಿಕ ರಜಾದಿನಗಳಂದು ಒಪ್ಪಲು ಅವಕಾಶವಿರುತ್ತದೆ."

ರಾಮಾಂಜಿನಯ್ಯ ಅಧ್ಯಕ್ಷರ ಮನೆಗೇ ಹೋದರು. "ಅಧ್ಯಕ್ಷರೇ, ನಾನು ಆಳೋರ ಕಡೆಯವನಲ್ವಾ?"

"ಅದು ನಿಮ್ಮ ವೈಯಕ್ತಿಕ ವಿಷಯ ಮೇಷ್ಟ್ರೇ. ಅದಕ್ಕೆ ಸಂಘ ಕೈ ಹಾಕಲ್ಲ. ಎದುರುಗಡೆ ಷಡಕ್ಷರಿನೇ ಕೂತ್ಕೋತಾರೆ."

ಕೊನೆಯ ಮಾತು ಕೇಳಿ ರಾಮಾಂಜಿನಯ್ಯ ಒಪ್ಪಿಕೊಂಡರು.

ಮೊದಲ ದಿನ ಷಡಕ್ಷರಿ ಆಳುವವರನ್ನು ಸಮರ್ಥಿಸಿದರು. ಪಾಪ, ಅವರಿಗೆ ಗೊತ್ತಿದ್ದ ಸಮರ್ಥನೆಯೆಲ್ಲ ಇಷ್ಟು ವರ್ಷ ರಾಮಾಂಜಿನಯ್ಯನವರ ಬಾಯಿಂದಲೇ ಕೇಳಿದ್ದು. ಅದೇ ಮಾತು, ಅದೇ ಅಂಕಿಅಂಶ, ತೊಡೆ ತಟ್ಟಿಕೊಳ್ಳುವುದೂ ಅದೇ. ತಮ್ಮ ಮಾತು ಎದುರು ಬೆಂಚಿನಿಂದ ಇಷ್ಟು ಪೊಳ್ಳಾಗಿ ಕೇಳುತ್ತದೆಂದು ರಾಮಾಂಜಿನಯ್ಯನವರಿಗೆ ಗೊತ್ತಿರಲಿಲ್ಲ. ತಡೆಯಲಾರದೆ ಎದ್ದು ನಿಂತು ಚಿಂದಿ ಚಿತ್ರಾನ್ನ ಮಾಡಿಬಿಟ್ಟರು. ಸುತ್ತ ಕೂತವರು ಗೊತ್ತಿಲ್ಲದೆ ತಲೆಯಾಡಿಸಿದರು.

ತಲೆಯಾಡಿಸಿದವರು ಆ ಕಡೆ ಹೋಗಿಬಿಟ್ಟರೆ ಸಮತೋಲನ ತಪ್ಪುತ್ತದೆ. ಆದ್ದರಿಂದ ಮರುದಿನ ತಿದ್ದುಪಡಿ ಬಂತು: "ವಿರೋಧಿಯ ಮಾತು ನಿಜವೆನಿಸಿದಲ್ಲಿ, ಸದಸ್ಯರು ಬೋಂಡಾ ತರುವ ನೆಪದಲ್ಲಿ ಎದ್ದುಹೋಗತಕ್ಕದ್ದು." ಬೋಂಡಾ ಖರ್ಚು ವಿಪರೀತ ಏರಿತು. ವಾರ್ಷಿಕ ವರದಿಯಲ್ಲಿ ಅದನ್ನು ಪ್ರಜಾಪ್ರಭುತ್ವದ ಬೆಳವಣಿಗೆ ಎಂದು ನಮೂದಿಸಲಾಯಿತು.

ತೊಂದರೆ ಕಾಣಿಸಿಕೊಂಡಿದ್ದು ಮನೆಯಲ್ಲಿ. ಒಂದು ಮಧ್ಯಾಹ್ನ ಟಿವಿ ಮುಂದೆ ರಾಮಾಂಜಿನಯ್ಯ ಕೂಗಾಡುತ್ತಿದ್ದಾಗ, ಹೆಂಡತಿ ದೊಡ್ಡಗಂಗಮ್ಮ ಮುದ್ದೆ ತಟ್ಟೆ ಹಿಡಿದು ಬಂದರು.

"ಅಲ್ಲಾ ಯಜಮಾನ್ರೇ, ಡ್ಯೂಟಿ ಬೆಳಿಗ್ಗೆನೇ ಮುಗೀತಲ್ವಾ? ಈಗ್ಯಾಕೆ ಆಳೋರ್ನ ಬೈತಿದೀರಾ?"

"ಗೊತ್ತಾಗ್ಲಿಲ್ಲ ಕಣೇ."

"ನಿಜವಾಗ್ಲೂ ನೀವು ಯಾವ ಕಡೆ?"

ರಾಮಾಂಜಿನಯ್ಯ ಟಿವಿಯ ಸೌಂಡು ಕಡಿಮೆ ಮಾಡಿ ಯೋಚಿಸಿದರು. ಮನೆ ಬಾಗಿಲಲ್ಲಿ ನಿಂತು ಸ್ವಂತ ಹೆಸರು ಮರೆತಂತೆ ಭಯವಾಯಿತು. ಮುದ್ದೆ ಆರಿತು.

ಹೀಗಿರುವಾಗಲೇ ಮತ್ತೊಂದು ಚುನಾವಣೆ ಬಂತು. ಮತಗಟ್ಟೆಯ ಸಾಲಿನಲ್ಲಿ ರಾಮಾಂಜಿನಯ್ಯನವರ ಹಿಂದೆಯೇ ಷಡಕ್ಷರಿ ನಿಂತಿದ್ದರು.

"ಯಾರಿಗೆ ಹಾಕ್ತೀಯಯ್ಯಾ?" ಎಂದು ರಾಮಾಂಜಿನಯ್ಯ ಪಿಸುಗುಟ್ಟಿದರು.

"ನಂಗೂ ತಿಳೀತಿಲ್ಲ. ಲೈಟು ಹಾಕ್ಸಿದ್ದು ಇವ್ರು. ಆದ್ರೆ ನೀನು ದಿನಾ ಹೇಳಿ ಹೇಳಿ ತಲೆ ಕೆಡಿಸಿದೀಯ. ನೀನು?"

"ನಿನ್ ಬಾಯಲ್ಲಿ ಕೇಳಿದ ಮೇಲೆ ನಮ್ಮೋರ ಮೇಲೆ ನಂಬಿಕೆ ಹೋಯ್ತು. ನನ್ ಬಾಯಲ್ಲಿ ಕೇಳಿ ಕೇಳಿ ನಿಮ್ಮೋರ ಮೇಲೂ ಹೋಯ್ತು."

ಇಬ್ಬರೂ ಸಾಲು ಬಿಟ್ಟು, ರಸ್ತೆಯಾಚೆ ಹೊಂಗೆಮರದ ಕೆಳಗಿದ್ದ ಮಹಾದೇವಯ್ಯನವರ ಹತ್ತಿರ ಹೋದರು. ಸಂಘದ ಪದಾಧಿಕಾರಿಗಳೆಲ್ಲ ಅಲ್ಲೇ ಇದ್ದುದರಿಂದ ಸಭೆ ಕರೆಯುವುದು ಕಷ್ಟವಾಗಲಿಲ್ಲ. ಗಂಭೀರ ಚರ್ಚೆಯ ನಂತರ ಅಧ್ಯಕ್ಷರು ನಿರ್ಣಯ ಓದಿದರು: "ಮತದಾನವು ಗುಪ್ತವಾದುದು. ಆದಕಾರಣ ಯಾರಿಗೆ ಹಾಕಿದ್ದೆಂಬುದು ಸ್ವತಃ ಮತದಾರನಿಗೂ ತಿಳಿಯದಂತೆ ಎಚ್ಚರ ವಹಿಸತಕ್ಕದ್ದು."

ರಾಮಾಂಜಿನಯ್ಯ ಒಳಗೆ ಹೋಗಿ, ಕಣ್ಣು ಮುಚ್ಚಿ, ಕೈಗೆ ಸಿಕ್ಕ ಗುಂಡಿ ಒತ್ತಿದರು. ಪೀಂ ಎಂದಿತು. ಎಷ್ಟೋ ತಿಂಗಳ ಮೇಲೆ ಎದೆ ಹಗುರವಾಯಿತು. ಷಡಕ್ಷರಿಯೂ ಹಾಗೇ ಮಾಡಿ ಬಂದರು. ಇಬ್ಬರ ಮುಖದ ನೆಮ್ಮದಿ ಕಂಡು ಸಾಲಿನಲ್ಲಿದ್ದವರೂ ಬಾಗಿಲ ಹೊರಗಿನಿಂದಲೇ ಕಣ್ಣು ಮುಚ್ಚಿಕೊಳ್ಳತೊಡಗಿದರು. ಎಡವದಂತೆ ಒಬ್ಬರ ಹೆಗಲನ್ನೊಬ್ಬರು ಹಿಡಿದರು. ಇಷ್ಟು ಶಿಸ್ತಿನ ಸಾಲನ್ನು ತಾವು ಕಂಡೇ ಇಲ್ಲವೆಂದು ಬಂದೋಬಸ್ತಿನ ಪೊಲೀಸರು ಮೆಚ್ಚಿಕೊಂಡರು.

ಕೊನೆಗೆ ದೊಡ್ಡಗಂಗಮ್ಮ ಶಾಯಿ ಹಚ್ಚಿದ ಬೆರಳನ್ನು ಸೆರಗಿಗೆ ತಾಗದಂತೆ ಹಿಡಿದು ಹೊರಬಂದರು.

"ನಾನಂತೂ ಕಣ್ಣು ಬಿಟ್ಟು, ಚೆನ್ನಾಗಿ ನೋಡಿ ಒತ್ತಿದೆ. ಯಾರಿಗೆ, ಯಾಕೆ ಅಂತಾನೂ ಗೊತ್ತು."

ಹೊಂಗೆಮರದ ಕೆಳಗಿದ್ದವರೆಲ್ಲ ಅಧ್ಯಕ್ಷರ ಮುಖ ನೋಡಿದರು. ಆಮೇಲೆ ಮಹಾದೇವಯ್ಯನವರು, ಆಯಮ್ಮನಿಗೆ ಸಭೆಯ ನಿರ್ಣಯ ತಲುಪಿಲ್ಲ, ಮೊದಲ ತಪ್ಪು, ಕ್ಷಮಿಸೋಣ ಎಂದರು. ಎಲ್ಲರೂ ಕ್ಷಮಿಸಿದರು.