ಮುಂದಿನ ಸಾಲಿನ ಮುಖಗಳು

ಪರಂಪರಾ ಪಕ್ಷದ ಜಿಲ್ಲಾಧ್ಯಕ್ಷ ಗುಣಪಾಲರು ಶನಿವಾರ ಬೆಳಗ್ಗೆ ಕಾಫಿಯ ಹೊತ್ತಿಗೆ ಮಾಡಿದ ಒಂದು ದೂರವಾಣಿ ಕರೆಯೇ ಕುಕ್ಕುಂದೂರಿನ ಲೀಲಾಧರರ ಆ ದಿನದ ಸಕಲ ಅನರ್ಥಗಳಿಗೂ ಮೂಲವಾಯಿತು.

"ಲೀಲಾಧರಣ್ಣ, ರಾಜ್ಯದ ವೀಕ್ಷಕರು ಇವತ್ತು ಸಂಜೆಯೇ ಕಾರ್ಕಳಕ್ಕೆ ಬರ್ತಾರಂತೆ. ಹೋದ ಸಭೆಯ ಫೋಟೋ ನೋಡಿ ಅವರಿಗೆ ಭಾರೀ ತಲೆಬಿಸಿ ಆಗಿದೆ ಮಾರಾಯ್ರೆ. ಮುಂದಿನ ಸಾಲಿನಲ್ಲಿ ಈ ತುದಿಯಿಂದ ಆ ತುದಿಗೆ ಬರೀ ಬೋಳುತಲೆ. 'ಇದು ಪಕ್ಷದ ಸಭೆಯೋ, ಪಿಂಚಣಿ ಅದಾಲತ್ತೋ' ಅಂತ ಕೇಳಿದ್ರು."

"ಈಗ ಎಂತ ಮಾಡುವುದು?"

"ಪಕ್ಷ ಎಲ್ಲ ವರ್ಗದವರನ್ನೂ ತಲುಪಬೇಕಂತೆ. ನಂಗೆ ಮೂರು ಹೊಸ ಮುಖ ಬೇಕು. ಯುವಜನರಲ್ಲಿ ಒಬ್ಬರು, ಕ್ರೈಸ್ತರಲ್ಲಿ ಒಬ್ಬರು, ಕಡಲಬದಿಯ ಮಹಿಳೆ ಒಬ್ಬರು. ಐದು ಗಂಟೆಯೊಳಗೆ ಮುಂದಿನ ಸಾಲಿನಲ್ಲಿ ಕೂರಿಸಿ. ಅಷ್ಟು ಮಾಡಿದ್ರೆ ಜಿಲ್ಲಾ ಉಪಾಧ್ಯಕ್ಷ ನೀವೇ. ವೇದಿಕೆಯಲ್ಲಿ ಕುರ್ಚಿ ಹಾಕಿಸ್ತೇನೆ."

ವೇದಿಕೆಯ ಕುರ್ಚಿ! ಲೀಲಾಧರರ ಎದೆಯೊಳಗೆ ಚೆಂಡೆ ಬಡಿದಂತಾಯಿತು. ಕಾರ್ಕಳ ಪೇಟೆಯಲ್ಲಿ ಬಣ್ಣದ ಅಂಗಡಿಯಿಟ್ಟಿದ್ದ ಅವರು ಮೀಸೆ ಚಿಗುರಿದಂದಿನಿಂದ ಪಕ್ಷದ ಬ್ಯಾನರು ಕಟ್ಟಿದವರು, ಜಮಖಾನ ಹಾಸಿದವರು. ವೇದಿಕೆಯ ಮೇಲಿನಿಂದ ಅವರು ಇದುವರೆಗೆ ಮಾಡಿದ ಏಕೈಕ ಭಾಷಣವೆಂದರೆ "ಹಲೋ, ಹಲೋ, ಮೈಕ್ ಟೆಸ್ಟಿಂಗ್".

"ಇವತ್ತು ಕುರ್ಚಿ ಸಿಗದಿದ್ರೆ?" ಎಂದು ದೋಸೆಯ ಕಾವಲಿಯ ಮುಂದಿನಿಂದ ಹೆಂಡತಿ ಸರಸ ಕೇಳಿದರು.

"ಸಿಗದಿದ್ರೆ ನಾಳೆಯಿಂದ ರಾಜಕೀಯಕ್ಕೆ ನಮಸ್ಕಾರ. ಭಾನುವಾರವೂ ಅಂಗಡಿಯಲ್ಲೇ ಕೂತುಕೊಳ್ತೇನೆ, ನಿನ್ನಾಣೆ!"

"ನನ್ನ ಆಣೆ ಬೇಡ. ನಿಮ್ಮ ಓಮ್ನಿ ಕಾರಿನ ಆಣೆ ಹಾಕಿ. ಅದಾದರೆ ನೀವು ಮುರಿಯುವುದಿಲ್ಲ."

ಆವರಣದ ಗೋಡೆಯಾಚೆ ಹೂವು ಕೊಯ್ಯುತ್ತಿದ್ದ ಮುದ್ದಣ್ಣ ಮಾಷ್ಟ್ರಿಗೆ ಎಲ್ಲವೂ ಕೇಳಿಸಿತ್ತು. ನಿವೃತ್ತ ಮುಖ್ಯೋಪಾಧ್ಯಾಯರಾದ ಅವರು ಪಕ್ಷದ ಅತ್ಯಂತ ಹಿರಿಯ ಸದಸ್ಯರು. ಕೋಪ ಬಂದಾಗ ಅವರ ಕನ್ನಡ ಇನ್ನಷ್ಟು ಶುದ್ಧವಾಗುತ್ತಿತ್ತು.

"ಲೀಲಾಧರಾ, ಇದೇನು ಅನ್ಯಾಯ? ಪಕ್ಷವೆಂದರೆ ತತ್ತ್ವ. ತತ್ತ್ವವನ್ನು ಒಪ್ಪಿದವರು ತಾವಾಗಿ ಬರಬೇಕು. ಮನುಷ್ಯರನ್ನು ಬಸಳೆ, ಬೆಂಡೆ, ಬದನೆಯೆಂದು ಆರಿಸಿ ಚೀಲಕ್ಕೆ ತುಂಬಿಸುವುದು ವಿಸ್ತರಣೆಯಲ್ಲ, ಸಂತೆ!"

"ಮಾಷ್ಟ್ರೇ, ಜನ ಬರದಿದ್ರೆ ತತ್ತ್ವವನ್ನು ಯಾರಿಗೆ ಹೇಳುವುದು? ಕುರ್ಚಿಗಳಿಗಾ?"

"ಹೌದು! ಖಾಲಿ ಕುರ್ಚಿಗಳ ಮುಂದೆ ಸತ್ಯ ನುಡಿಯುವ ಧೈರ್ಯವುಳ್ಳವನೇ ನಾಯಕ. ಈ ವೇಷ ಕಟ್ಟುವ ಪಕ್ಷದಲ್ಲಿ ನಾನು ಒಂದು ಕ್ಷಣವೂ ಇರಲಾರೆ. ಸಂಜೆ ಬಂದು ನೋಡಿ ನಿರ್ಧರಿಸುತ್ತೇನೆ."

ಮಾಷ್ಟ್ರು ಹೇಳಿದ ಮಾತಿನಲ್ಲಿ ನ್ಯಾಯವಿತ್ತು. ಪಕ್ಷವೊಂದು ತನ್ನ ಬಾಗಿಲನ್ನು ಅಗಲ ಮಾಡುವುದು ತಪ್ಪಲ್ಲ, ಅಗತ್ಯವೇ. ಆದರೆ ಬಂದವರ ಮಾತಿಗೆ ಕಿವಿ ಕೊಡದೆ ಅವರ ಮುಖವನ್ನಷ್ಟೇ ಎರವಲು ಪಡೆಯುವುದು ಸಭ್ಯತೆಯ ಲಕ್ಷಣವಲ್ಲ. ಬಣ್ಣದ ಅಂಗಡಿಯಲ್ಲಿ ಗಿರಾಕಿಗಳಿಗೆ ಮಾದರಿಯ ಕಾರ್ಡು ಬಿಡಿಸಿ ತೋರಿಸಿ ಅಭ್ಯಾಸವಾಗಿದ್ದ ಲೀಲಾಧರರಿಗೆ ಮಾತ್ರ ಇಂತಹ ಸಂಶಯ ಸುಳಿಯಲೂ ಇಲ್ಲ. ಪಕ್ಷದ ಅರಿಶಿನ ಬಣ್ಣದ ಶಾಲುಗಳನ್ನು ಓಮ್ನಿಯಲ್ಲಿ ತುಂಬಿಸಿಕೊಂಡು ಅವರು ಮಣಿಪಾಲದ ಕಡೆಗೆ ಬಾಣದಂತೆ ಹೊರಟರು.

ಅಂಗಡಿಯ ಗಿರಾಕಿಯೊಬ್ಬರ ಮಗಳು ನಿಖಿತಾ ಅಲ್ಲಿ ಓದುತ್ತಿದ್ದಳು. ಯುವಜನರನ್ನು ಒಲಿಸುವುದು ಹೇಗೆಂಬುದರ ಬಗ್ಗೆ ದಾರಿಯುದ್ದಕ್ಕೂ ಆಲೋಚಿಸಿದ್ದ ಲೀಲಾಧರರು, ಕಾಲೇಜಿನೆದುರಿನ ಬೇಕರಿಯಲ್ಲಿ ಅವಳ ಮುಂದೆ ಎರಡು ಎಗ್ ಪಫ್ಸ್ ಇಡಿಸಿದರು.

"ಶನಿವಾರ ನಾನು ಮೊಟ್ಟೆ ಮುಟ್ಟುವುದಿಲ್ಲ, ಅಂಕಲ್. ಒಪ್ಪೊತ್ತು. ನಿಮ್ಮ ಪಕ್ಷದವರಿಗೆ ಶನಿವಾರ ಇಲ್ವಾ?"

ಲೀಲಾಧರರು ಎರಡು ಪಫ್ಸನ್ನೂ ತಾವೇ ತಿನ್ನಬೇಕಾಯಿತು. ಪರಂಪರೆಯ ರಕ್ಷಣೆಗೆಂದು ಹೊರಟವರ ಮೀಸೆಯಲ್ಲಿ ಶನಿವಾರದ ಮೊಟ್ಟೆ ಅಂಟಿಕೊಂಡಿತು.

"ನೀನು ಎಂತದೂ ಮಾತಾಡ್ಬೇಕಂತ ಇಲ್ಲ ಮಗಾ. ಮುಂದಿನ ಸಾಲಿನಲ್ಲಿ ಕೂತ್ರೆ ಸಾಕು. ಮುಖ ಕಂಡ್ರೆ ಆಯ್ತು."

"ಸಭೆ ಐದಕ್ಕೆ ಅಂದ್ರೆ ಐದಕ್ಕೇ ಶುರು ಆಗ್ತದಾ?"

"ಒಂದು ನಿಮಿಷ ಹೆಚ್ಚು ಕಡಿಮೆ ಇಲ್ಲ!"

"ಹಾಗಾದ್ರೆ ಬರ್ತೇನೆ. ಹೇಗೂ ಇವತ್ತು ಕಾರ್ಕಳಕ್ಕೆ ಮನೆಗೆ ಹೋಗ್ಬೇಕು, ಬಸ್ಸಲ್ಲಿ ನಿಲ್ಲುವುದು ತಪ್ಪಿತು."

ಮೊದಲ ಮುಖ ಸಿಕ್ಕಿತು! ಲೀಲಾಧರರು ಕಂಬಳದಲ್ಲಿ ಗೆದ್ದ ಕೋಣದ ಯಜಮಾನನಂತೆ ಎದೆಯುಬ್ಬಿಸಿ ಅಲೆವೂರಿಗೆ ಓಮ್ನಿ ತಿರುಗಿಸಿದರು. ಅಲ್ಲಿ ಅವರ ಹಳೆಯ ಪರಿಚಯದ ಕ್ರೈಸ್ತ ಹಿರಿಯರು, ಊರವರ ಬಾಯಲ್ಲಿ 'ಪೊರ್ಬುಗಳು' ಆದ ವ್ಯಾಲೆಂಟೈನರು ಇದ್ದರು. ಆದರೆ ಪೊರ್ಬುಗಳ ಅಂಗಳದ ತುಂಬ ಚಪ್ಪರ, ಬ್ಯಾಂಡು, ಜನ. ಅವರ ತಮ್ಮನ ಮಗಳು ಲೊರ್ನಾಳಿಗೆ ಮರುದಿನ ಮದುವೆ. ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸ್ ಶಾಸ್ತ್ರ ನಡೆಯುತ್ತಿತ್ತು. ಅದು ಸಂಜೆ ನಡೆಯುವುದೇ ರೂಢಿಯಾದರೂ, ವೀಡಿಯೋದವನು ಬಿಸಿಲು ಬೇಕೆಂದು ಹಟ ಹಿಡಿದದ್ದರಿಂದ ಮಧ್ಯಾಹ್ನಕ್ಕೇ ಇಟ್ಟುಕೊಂಡಿದ್ದರು.

ನಿಖಿತಾಳನ್ನು ಕಾರಿನಲ್ಲಿ ಬಿಟ್ಟು, ಹೆಗಲಿಗೆ ಶಾಲು ಹಾಕಿಕೊಂಡು ಲೀಲಾಧರರು ಒಳಹೊಕ್ಕರು. ಚಪ್ಪರದ ನಡುವೆ ಪುಟ್ಟದೊಂದು ವೇದಿಕೆ. ಅದರ ಮೇಲೆ ಹೂವಿನಿಂದ ಅಲಂಕರಿಸಿದ ಎರಡು ಕುರ್ಚಿ. ಒಂದರಲ್ಲಿ ಮದುಮಗಳು. ಇನ್ನೊಂದು ಖಾಲಿ.

"ಬನ್ನಿ, ಬನ್ನಿ, ಕೂತುಕೊಳ್ಳಿ!" ಎಂದು ಜನರ ನಡುವಿನಿಂದ ವ್ಯಾಲೆಂಟೈನರು ಕೈಬೀಸಿದರು.

ಹಸಿದವನಿಗೆ ಅನ್ನವೇ ಕಾಣುವಂತೆ ಲೀಲಾಧರರಿಗೆ ಕುರ್ಚಿಯೇ ಕಂಡಿತು. ಅತಿಥಿ ಸತ್ಕಾರವೆಂದರೆ ಇದು ಎಂದುಕೊಳ್ಳುತ್ತ ಅವರು ಗಂಭೀರವಾಗಿ ಮೆಟ್ಟಿಲೇರಿ, ಸಭೆಗೆ ಕೈಮುಗಿದು, ಮದುಮಗಳ ಪಕ್ಕದಲ್ಲಿ ಆಸೀನರಾದರು. ಬ್ಯಾಂಡಿನವರು ಊದುತ್ತಲೇ ಇದ್ದರು. ಪೊರೆ ಬಂದು ಕಣ್ಣು ಮಂಜಾಗಿದ್ದ ಅಜ್ಜಿಯೊಬ್ಬರು ಪಾತ್ರೆಯೆತ್ತಿ, ಪ್ರಾರ್ಥನೆ ಹೇಳಿ, ಲೊರ್ನಾಳ ಹಣೆಗೆ ಹಚ್ಚಿದಂತೆಯೇ ಲೀಲಾಧರರ ಹಣೆಗೂ ಹಚ್ಚಿ, ಉಳಿದುದನ್ನು ನೆತ್ತಿಯ ಮೇಲೆ ಧಾರಾಳವಾಗಿ ಸುರಿದರು. ಅಜ್ಜಿಯ ಹಿಂದೆ ಸಾಲಾಗಿ ನಿಂತಿದ್ದ ಹೆಂಗಸರು, ಹಿರಿಯರೇ ಸುರಿದ ಮೇಲೆ ತಮ್ಮದೇನು ಅಡ್ಡಿಯೆಂದು ತಾವೂ ಸುರಿದರು.

"ಅಯ್ಯೋ, ಅದು ಮದುಮಗಳ ಗೆಳತಿಯ ಕುರ್ಚಿ ಮಾರಾಯ್ರೆ!" ವ್ಯಾಲೆಂಟೈನರು ನಗುತ್ತ, ಕೆಮ್ಮುತ್ತ ಓಡಿಬಂದರು. ಲೊರ್ನಾ ನಗು ತಡೆಯಲಾರದೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡಳು. ವೀಡಿಯೋದವನು ಮಾತ್ರ "ಸರ್, ಸ್ವಲ್ಪ ಈಚೆ ನೋಡಿ, ಸ್ಮೈಲ್" ಎಂದ.

ಕಣ್ಣಿಗಿಳಿದ ಹಾಲನ್ನು ಪಕ್ಷದ ಶಾಲಿನಿಂದ ಒರೆಸಿಕೊಳ್ಳುತ್ತಲೇ ಲೀಲಾಧರರು ಬಂದ ಕೆಲಸ ಹೇಳಿದರು. "ಪೊರ್ಬುಗಳೇ, ನೀವು ಮಾತಾಡ್ಬೇಕಂತ ಇಲ್ಲ. ಮುಂದಿನ ಸಾಲಿನಲ್ಲಿ ಕೂತ್ರೆ ಸಾಕು. ಮುಖ ಕಂಡ್ರೆ ಆಯ್ತು."

"ನಮ್ಮ ರೋಸ್ ನಿಮ್ಮ ತಲೆಗೆ ಬಿದ್ದ ಮೇಲೆ ಇಲ್ಲ ಅಂತ ಹೇಗೆ ಹೇಳುವುದು? ನಾಳೆಯ ಊಟದ ಹಾಲ್ ನೋಡ್ಲಿಕ್ಕೆ ಕಾರ್ಕಳಕ್ಕೆ ಹೋಗ್ಲಿಕ್ಕೂ ಉಂಟು. ನಡೀರಿ!"

ಬಟ್ಟೆ ಬದಲಾಯಿಸಲು ಸಮಯವೆಲ್ಲಿ? ಕಾಪು ತಲುಪುವಷ್ಟರಲ್ಲಿ ಹಾಲು ಜುಬ್ಬಾದ ಮೇಲೆ ಒಣಗಿ, ಲೀಲಾಧರರು ಗಂಜಿ ಹಾಕಿ ಇಸ್ತ್ರಿ ಮಾಡಿದ ಫ್ಲೆಕ್ಸಿನಂತೆ ಸೆಟೆದುಕೊಂಡಿದ್ದರು. ಕಡಲಬದಿಯಲ್ಲಿ ಮೀನು ಮಾರುವ ಬೇಬಿಯಕ್ಕ ಅವರನ್ನು ಅಡಿಯಿಂದ ಮುಡಿಯವರೆಗೆ ಮೂಸಿದಂತೆ ನೋಡಿದರು.

"ಎಂತ ಅಣ್ಣೆರೆ, ಮೀನಿನ ಗಸಿಗೆ ತೆಂಗಿನ ಹಾಲು ಮೊದಲೇ ಹಚ್ಚಿಕೊಂಡು ಬಂದದ್ದಾ? ಒಳ್ಳೆದಾಯ್ತು, ನನ್ನಲ್ಲಿ ಬಂಗುಡೆ ಉಂಟು!"

ಸುತ್ತಲಿನ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಲೀಲಾಧರರು ತಮ್ಮ ಮಂತ್ರವನ್ನು ಮೂರನೆಯ ಬಾರಿ ಪಠಿಸಿದರು. "ಬೇಬಿಯಕ್ಕ, ನೀವು ಮಾತಾಡ್ಬೇಕಂತ ಇಲ್ಲ..."

"ಮಾತಾಡದೆ ಕೂತುಕೊಳ್ಳುವ ಹೆಂಗಸು ಬೇಕಾದ್ರೆ ಗೊಂಬೆ ತೆಕ್ಕೊಂಡು ಹೋಗಿ. ನಾನು ಬರುವುದಾದ್ರೆ ಬುಟ್ಟಿಯೂ ಬರ್ತದೆ, ಬಾಯಿಯೂ ಬರ್ತದೆ."

ಗಡಿಯಾರ ಓಡುತ್ತಿತ್ತು. ಬುಟ್ಟಿಯೂ ಬಾಯಿಯೂ ಓಮ್ನಿ ಹತ್ತಿದವು. ಒಪ್ಪೊತ್ತಿನ ನಿಖಿತಾ ಮೂಗಿಗೆ ವೇಲು ಒತ್ತಿಕೊಂಡು ಕಿಟಕಿಯ ಹೊರಗೆ ತಲೆ ಚಾಚಿದಳು.

"ಹಾಲು ಉಂಟು, ಮೀನು ಉಂಟು. ಇನ್ನು ಹುಳಿ, ಮೆಣಸು ಸಿಕ್ಕಿದ್ರೆ ಸಭೆಗೆ ಊಟ ನಾವೇ ಕೊಡಬಹುದು" ಎಂದರು ವ್ಯಾಲೆಂಟೈನರು.

ಅವರು ಕಾರ್ಕಳದ ಸಭಾಭವನ ತಲುಪಿದಾಗ ಐದಾಗಲು ಇನ್ನೂ ಸ್ವಲ್ಪ ಇತ್ತು. ಗೆದ್ದೆವು! ಲೀಲಾಧರರು ಮೂವರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ, ಶಾಲು ಹೊದಿಸಿ, ಪಕ್ಕದ ಕುರ್ಚಿಯಲ್ಲಿ ಕುಳಿತು ಉಸಿರುಬಿಟ್ಟರು. ಅವರ ಪರಿಮಳದ ಜಾಡು ಹಿಡಿದು ಪೇಟೆಯ ಬೆಕ್ಕುಗಳು ಒಂದೊಂದಾಗಿ ಒಳಬಂದು ಕಾಲ ಬಳಿ ನೆರೆದವು.

"ವಿಸ್ತರಣೆ ಇಷ್ಟು ವಿಸ್ತಾರವೆಂದು ನನಗೆ ತಿಳಿದಿರಲಿಲ್ಲ" ಎಂದರು ಹಿಂದಿನ ಸಾಲಿನಿಂದ ಮುದ್ದಣ್ಣ ಮಾಷ್ಟ್ರು.

ಸಭೆ ಆರೂಕಾಲಕ್ಕೆ ಆರಂಭವಾಯಿತು. ವೀಕ್ಷಕರು ಅನುಭವಸ್ಥರು. ಫೋಟೋಕ್ಕೆಂದು ಕೂರಿಸಿದ ಮುಖ ಯಾವುದು, ನಿಜವಾದ ಮುಖ ಯಾವುದು ಎಂದು ಪರೀಕ್ಷಿಸುವುದು ಅವರ ಪದ್ಧತಿ. ನೇರವಾಗಿ ಮೈಕನ್ನು ಮುಂದಿನ ಸಾಲಿಗೇ ಕಳುಹಿಸಿದರು. ಗುಣಪಾಲರ ಮುಖ ಸುಣ್ಣದಂತಾಯಿತು.

ನಿಖಿತಾ ಎದ್ದಳು. "ಐದಕ್ಕೆ ಅಂದಿದ್ರಿ. ಸಮಯಕ್ಕೆ ಸರಿಯಾಗಿ ಬರುವುದು ನಮ್ಮ ಹಿರಿಯರು ಕಲಿಸಿದ ಸಂಸ್ಕಾರ ಅಲ್ವಾ, ಸರ್?"

ವೇದಿಕೆಯಲ್ಲಿದ್ದವರು ಕೈಗಡಿಯಾರ ನೋಡಿಕೊಂಡರು. ಮೈಕು ವ್ಯಾಲೆಂಟೈನರ ಕೈಗೆ ಹೋಯಿತು. "ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಎಲ್ಲರೂ ಮೊಣಕಾಲೂರಿ ಜಪಮಾಲೆ ಹೇಳಬೇಕು. ಮೊಬೈಲ್ ಇಲ್ಲ, ಟಿ.ವಿ. ಇಲ್ಲ. ನಿಮ್ಮ ಮನೆಯಲ್ಲಿ ದೀಪ ಹಚ್ಚುವಾಗ ಯಾರೆಲ್ಲ ಹತ್ರ ಇರ್ತೀರಿ? ಕೈ ಎತ್ತಿ ನೋಡುವ."

ಒಂದು ಕೈಯೂ ಮೇಲೇಳಲಿಲ್ಲ. ಒಂದು ಬೆಕ್ಕು ಮಾತ್ರ ಬಾಲವೆತ್ತಿತು.

ಬೇಬಿಯಕ್ಕನಿಗೆ ಮೈಕು ಬೇಕಾಗಲಿಲ್ಲ. "ಮಳೆಗಾಲದಲ್ಲಿ ದೋಣಿ ಇಳಿಸಬಾರದು ಅಂತ ನಮ್ಮ ಊರ ಹಿರಿಯರು ಹೇಳಿದ್ರೆ, ಹೊಟ್ಟೆಗೆ ಇಲ್ಲದಿದ್ರೂ ಇಳಿಸುವುದಿಲ್ಲ. ನಿಮ್ಮಲ್ಲಿ ಒಬ್ಬ ಹೇಳಿದ್ದನ್ನು ಇನ್ನೊಬ್ಬ ಕೇಳ್ತಾನಾ? ಬಾಗಿಲಲ್ಲೇ ನೋಡಿದೆ, ಮುಂದಿನ ಕುರ್ಚಿಗೆ ಇಬ್ಬರು ಯಜಮಾನರು ಶಾಲು ಎಳೆದಾಡಿಕೊಳ್ತಾ ಇದ್ರು!"

ವೀಕ್ಷಕರು ಕುರ್ಚಿಯಿಂದ ಜಿಗಿದೆದ್ದರು. "ಅದ್ಭುತ! ಇಂಥವರನ್ನು ಸೆಳೆಯಲು ನಾವು ಸ್ವಲ್ಪ ಸಡಿಲಾಗಬೇಕೇ ಎಂದು ರಾಜಧಾನಿಯಲ್ಲಿ ಸಭೆಯ ಮೇಲೆ ಸಭೆ ನಡೆಸಿದ್ದೇವೆ. ಇವರೋ ನಮಗಿಂತ ಬಿಗಿ! ನಮ್ಮ ಕದ ತೆರೆಯುವುದೊಂದೇ ಬಾಕಿ ಇತ್ತು. ಜಿಲ್ಲಾ ಉಪಾಧ್ಯಕ್ಷರಾಗಿ ಬೇಬಿಯವರನ್ನು ಈಗಲೇ ಘೋಷಿಸುತ್ತೇನೆ. ಮೂವರೂ ವೇದಿಕೆಗೆ ಬರಬೇಕು!"

ಚಪ್ಪಾಳೆ ಭೋರ್ಗರೆಯಿತು. ಲೀಲಾಧರರು ಗುಣಪಾಲರ ಕಡೆ ದೀನರಾಗಿ ನೋಡಿದರು. ಗುಣಪಾಲರು ಬಗ್ಗಿ ಪಿಸುಗುಟ್ಟಿದರು: "ಬೇಜಾರು ಮಾಡ್ಬೇಡಿ ಲೀಲಾಧರಣ್ಣ. ನಿಮ್ಮಂಥವರು ನಮ್ಮಲ್ಲಿ ಬೇಕಾದಷ್ಟು ಉಂಟು. ಮೇಲೆ ಒಂದು ಕುರ್ಚಿ ಕಡಿಮೆ ಬಿತ್ತು. ನೀವು ಕೂತದ್ದನ್ನು ಸ್ವಲ್ಪ ಎತ್ತಿ ಕೊಡ್ತೀರಾ?"

ಹೀಗೆ ಲೀಲಾಧರರ ಕುರ್ಚಿ ಕೊನೆಗೂ ವೇದಿಕೆಯೇರಿತು. ಅವರೇ ಹೊತ್ತು ತಂದು ಬೇಬಿಯಕ್ಕನಿಗೆ ಇಟ್ಟುಕೊಟ್ಟರು.

ಅಷ್ಟರಲ್ಲಿ ಮುದ್ದಣ್ಣ ಮಾಷ್ಟ್ರು ಎದ್ದುನಿಂತು ಗುಡುಗಿದರು: "ದುಡಿದವನಿಗೆ ಸ್ಥಾನವಿಲ್ಲದ ಸಭೆಯಲ್ಲಿ ನನಗೂ ಸ್ಥಾನವಿಲ್ಲ! ತತ್ತ್ವಕ್ಕಾಗಿ ಈ ಪಕ್ಷವನ್ನು ತೊರೆಯುತ್ತಿದ್ದೇನೆ!" ಶಾಲನ್ನು ಎಸೆದು ಅವರು ಹೊರನಡೆದಾಗ ಲೀಲಾಧರರ ಕಣ್ಣು ತೇವವಾಯಿತು. ಇಡೀ ಲೋಕದಲ್ಲಿ ಒಬ್ಬರಾದರೂ ತನಗಾಗಿ ನಿಂತರಲ್ಲ!

ಮೂವರನ್ನೂ ಅವರವರ ಸ್ಥಳಕ್ಕೆ ತಲುಪಿಸುವ ಹೊಣೆಯನ್ನು ಗುಣಪಾಲರೇ ವಹಿಸಿಕೊಂಡರು. ಹೊಸ ಉಪಾಧ್ಯಕ್ಷೆ ಓಮ್ನಿಯಲ್ಲಿ ಹೋಗಲಾದೀತೇ? ಲೀಲಾಧರರು ಒಂಟಿಯಾಗಿ ಮನೆಗೆ ಮರಳಿದರು. ಜಗಲಿಯಲ್ಲಿ ಯಾರೋ ಕಾಫಿ ಕುಡಿಯುತ್ತಿದ್ದರು. ಎದುರು ಪಾಳಯವಾದ ನವದಾರಿ ಪಕ್ಷದ ಜಿಲ್ಲಾ ಮುಖಂಡ ಬೆಂಜಮಿನ್! ಅವರ ತೊಡೆಯ ಮೇಲೆ ನೇರಳೆ ಬಣ್ಣದ ಶಾಲು.

"ಬನ್ನಿ ಲೀಲಾಧರರೇ, ನಿಮ್ಮನ್ನೇ ಕಾಯ್ತಾ ಇದ್ದೆ. ನಿಮಗೆ ಆದ ಅನ್ಯಾಯ ಕೇಳಿ ನಮಗೆ ಸಂಕಟ ಆಯ್ತು. ನಮ್ಮ ಪಕ್ಷದಲ್ಲಿ ವಿದ್ಯಾರ್ಥಿಗಳು ಉಂಟು, ಮಹಿಳೆಯರು ಉಂಟು, ಎಲ್ಲ ಧರ್ಮದವರು ಉಂಟು. ಜುಬ್ಬಾ ಹಾಕುವ, ಗಂಧ ಇಡುವ, ನಡುವಯಸ್ಸಿನ ನಿಮ್ಮಂಥವರೇ ಇಲ್ಲ. ನಾವೂ ವಿಸ್ತಾರ ಆಗ್ಬೇಕಲ್ವಾ? ನಾಳೆ ಉಡುಪಿಯಲ್ಲಿ ದೊಡ್ಡ ಸಭೆ."

ಲೀಲಾಧರರ ಎದೆಯೊಳಗೆ ಮತ್ತೆ ಚೆಂಡೆ! ಕತ್ತು ತಾನಾಗಿ ಶಾಲಿನತ್ತ ಬಾಗಿತು. ಬೆಳಗಿನ ಆಣೆ ಹಳೆಯ ಪಕ್ಷದೊಂದಿಗೇ ತೀರಿತೆಂದು ಅವರ ಮನಸ್ಸು ತೀರ್ಪು ಕೊಟ್ಟಾಗಿತ್ತು.

"ವೇದಿಕೆಯ ಮೇಲೆ... ಅಲ್ವಾ?"

"ಛೆ, ಛೆ. ನೀವು ಎಂತದೂ ಮಾತಾಡ್ಬೇಕಂತ ಇಲ್ಲ. ಮುಂದಿನ ಸಾಲಿನಲ್ಲಿ ಕೂತ್ರೆ ಸಾಕು. ಮುಖ ಕಂಡ್ರೆ ಆಯ್ತು." ಬೆಂಜಮಿನ್ ಶಾಲನ್ನು ಅವರ ಕೊರಳಿಗೆ ಸುತ್ತಿಯೇಬಿಟ್ಟರು. "ವೇದಿಕೆಯ ಕುರ್ಚಿ ಆಗಲೇ ಒಬ್ಬ ಹಿರಿಯರಿಗೆ ಹೋಯ್ತು. ತತ್ತ್ವಕ್ಕಾಗಿ ಪಕ್ಷ ಬಿಟ್ಟವರು, ಬಿಡ್ಲಿಕ್ಕೆ ಆಗ್ತದಾ?"

ಆವರಣದ ಗೋಡೆಯಾಚೆ ದೀಪ ಬೆಳಗಿತು. ನೇರಳೆ ಶಾಲಿನ ನಿರಿಗೆಗಳನ್ನು ಸರಿಪಡಿಸಿಕೊಳ್ಳುತ್ತ ಮುದ್ದಣ್ಣ ಮಾಷ್ಟ್ರು ತಲೆಯೆತ್ತಿದರು.

"ಲೀಲಾಧರಾ, ನಾಳೆ ನಿನ್ನ ಓಮ್ನಿಯಲ್ಲಿಯೇ ಹೊರಡೋಣ. ಆದರೆ ಮೊದಲು ಅದನ್ನು ತೊಳೆ. ಮೀನಿನ ವಾಸನೆ ನನಗಾಗದು."

"ನಾಳೆ ಅಂಗಡಿಯಲ್ಲಿ ಕೂತುಕೊಳ್ಳುವವರು ಯಾರು?" ಎಂದು ಒಳಗಿನಿಂದ ಸರಸ ಕೇಳಿದರು.

ಲೀಲಾಧರರು ಬಕೆಟು ಎಲ್ಲಿದೆಯೆಂದು ಹುಡುಕುತ್ತಿದ್ದರು.